ಗಿಳಿಪುಕ್ಕದ ಸಾಕ್ಷಿ

"ಆ ಕಸ ಕಿತ್ತು ಏನು ಮಾಡ್ತೀರಾ? ಬೇಕಿದ್ರೆ ಹೇಳಿ, ಗಾಡಿಗಟ್ಟಲೆ ಕಳಿಸಿಕೊಡ್ತೀನಿ."

ಚಿಕ್ಕ ಯಜಮಾನರು ಕೊಳದ ಕಟ್ಟೆಯ ಮೇಲೆ ಕೈಕಟ್ಟಿ ನಿಂತು ನಗುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ನಾನು ಕೆಳಗೆ ಮೊಣಕಾಲುದ್ದದ ನೀರಿನಲ್ಲಿದ್ದೆ. ಎಡಗಾಲಿನ ಚಪ್ಪಲಿ ಆಗಲೇ ಕೆಸರಿನ ಪಾಲಾಗಿತ್ತು. ಹೋಗಲಿ, ಹಳೆಯದು.

"ಗಾಡಿಗಟ್ಟಲೆ ಬೇಡ. ಬೇರು ಸಮೇತ ನಾಲ್ಕು ದಂಟು ಸಾಕು," ಅಂದೆ.

ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ ಇನ್ಸ್‌ಪೆಕ್ಟರು ಆಕಳಿಸಿದರು. "ಮೇಡಂ, ಬೇಗ ಮುಗಿಸಿ. ನಾಳೆ ನಾನು ಕೋರ್ಟಿಗೆ ಚಾರ್ಜ್‌ಶೀಟ್ ಹಾಕಬೇಕು. ನಿಮ್ಮ ಮುಖ ನೋಡಿ ಒಂದು ಬೆಳಿಗ್ಗೆ ಕೊಟ್ಟಿದ್ದೀನಿ, ಅಷ್ಟೇ."

ಹೊಸದಾಗಿ ಓದುತ್ತಿರುವವರಿಗೆ ಒಂದೇ ಮಾತು: ಗಾಜಿನ ಮೀನು ತೊಟ್ಟಿಗಳಿಗೆ ನೀರುಗಿಡ ಬೆಳೆಸಿ ಮಾರುವ ಈ ನರ್ಸರಿಯ ದೊಡ್ಡ ಯಜಮಾನರು, ಅಂದರೆ ಈ ಚಿಕ್ಕವರ ಅಣ್ಣ, ಬೇಸಿಗೆಯಲ್ಲಿ ಕಾಣೆಯಾದರು, ಅವರ ಫೋನು ನರ್ಸರಿಯ ವ್ಯಾನಿನ ಸೀಟಿನಡಿ ಸಿಕ್ಕಿತು, ವ್ಯಾನಿನ ಡ್ರೈವರ್ ಆಗಿದ್ದ ನನ್ನ ತಮ್ಮ ಪುಟ್ಟ ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದಾನೆ.

ಹೆಣ ಮಾತ್ರ ಸಿಕ್ಕಿಲ್ಲ. ದಾರಿಯಲ್ಲಿ ಕೊಂದು ಹೊಳೆಗೆ ಎಸೆದ, ಹೊಳೆ ಕೊಚ್ಚಿಕೊಂಡು ಹೋಯಿತು ಎಂಬುದು ಪೊಲೀಸರ ಕಥೆ. ಸಿಗದ ಹೆಣಗಳನ್ನೆಲ್ಲ ಹೊಳೆಯ ತಲೆಗೆ ಕಟ್ಟುವುದು ಸುಲಭ. ಹೊಳೆ ಬಾಯಿ ತೆಗೆದು ಇಲ್ಲ ಅನ್ನುವುದಿಲ್ಲವಲ್ಲ.

ಇಪ್ಪತ್ತು ವರ್ಷ ನಾನು ವಿಮಾ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿದವಳು. ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳುವಾಗಿದೆ ಎಂದು ಅತ್ತವರ ಮನೆಯ ಅಟ್ಟದಲ್ಲೇ ಸಿಕ್ಕ ಒಡವೆ, ಎಲ್ಲ ನೋಡಿದ್ದೇನೆ. ಕಚೇರಿಯಲ್ಲಿ ನನ್ನನ್ನು ಜಿಗಣೆ ಅನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ನನಗೆ ಬೇಜಾರಿರಲಿಲ್ಲ. ಕಚ್ಚಿದರೆ ಬಿಡುವುದಿಲ್ಲ ಎಂಬುದು ನಿಜವೇ ತಾನೆ?

ಪುಟ್ಟನ ವಿಷಯದಲ್ಲಂತೂ ಬಿಡುವ ಮಾತೇ ಇಲ್ಲ. ಅಮ್ಮ ಹೋದಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಾನು ಎತ್ತಿ ಆಡಿಸಿ, ಬೈದು, ಉಣ್ಣಿಸಿ ಬೆಳೆಸಿದ ಮಗು. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವನು ಮನುಷ್ಯನನ್ನು ಕೊಂದ ಅಂದರೆ ನಾನು ನಂಬಬೇಕಂತೆ.

ದಡದಂಚಿನಲ್ಲಿ ಎರಡು ದಂಟು ಬುಡಸಮೇತ ಬಂದವು. ಮೂರನೆಯದಕ್ಕೆ ಕೊಳದ ನಡುವಿನವರೆಗೆ ಹಾಕಿದ್ದ ಹಲಗೆಯ ಮೇಲೆ ನಡೆದು, ಉದ್ದ ಕೊಕ್ಕೆಯಿಂದ ತಳದ ಕೆಸರು ಕೆದಕಿ ಎಳೆದೆ. ನಾಲ್ಕನೆಯದನ್ನು ಇನ್ನೂ ಆಳದಿಂದ. ಹಲಗೆ ಅಲುಗಾಡಿತು. ಕಟ್ಟೆಯ ಮೇಲಿನ ನಗು ಸ್ವಲ್ಪ ಕಡಿಮೆಯಾಗಿತ್ತು. ನಾನು ಅದನ್ನು ಗಮನಿಸದೆ ಇರಲಿಲ್ಲ.

ಇದು ನರ್ಸರಿಯ ಮೂರನೇ ಕೊಳ, ಶೆಡ್ಡುಗಳ ಹಿಂದೆ ಮರೆಯಲ್ಲಿರುವುದು. ನೀರಿನೊಳಗೆ ಸಾಲುಸಾಲು ಕುಂಡಗಳು. ಪ್ರತಿ ಸಾಲಿನ ತುದಿಗೆ ಗಿಡದ ಹೆಸರು ಬರೆದ ಬಿಳಿ ಪಟ್ಟಿ. ಎಲ್ಲವೂ ಕ್ರಾಪು ಮಾಡಿಸಿಕೊಂಡ ಹುಡುಗರಂತೆ ಒಪ್ಪವಾಗಿದ್ದವು. ಕಾಲುವೆಯ ನೀರು ಒಳಬರುವ ಮೂಲೆಯಿಂದ ಮಾತ್ರ ಹೆಸರಿಲ್ಲದ, ಪಟ್ಟಿಯಿಲ್ಲದ ಒಂದು ಹಸಿರು ಮುದ್ದೆ ನಡುಕೊಳದವರೆಗೂ ಹಬ್ಬಿತ್ತು. ಕೆಲಸದವರು ಅದನ್ನು ಗಿಳಿಪುಕ್ಕ ಅನ್ನುತ್ತಾರೆ. ಎಲೆ ಹಕ್ಕಿಗರಿಯ ಹಾಗೆ ಸೀಳುಸೀಳಾಗಿರುತ್ತದೆ.

ಅದು ಈ ನೆಲದ್ದಲ್ಲ. ಯಾವ ಕಾಲದಲ್ಲೋ ಯಾರೋ ಗಾಜಿನ ತೊಟ್ಟಿಯ ಚಂದಕ್ಕೆಂದು ಹೊರದೇಶದಿಂದ ತರಿಸಿ, ಬೇಸರವಾದ ಮೇಲೆ ಕಾಲುವೆಗೆ ಬಿಸಾಡಿದ್ದು. ಅಷ್ಟು ಸಾಕಾಯಿತು. ಬೀಜವೂ ಬೇಡ, ಹೂವೂ ಬೇಡ. ಬೆರಳುದ್ದದ ತುಂಡೊಂದಿದ್ದರೆ ಒಂದು ಕೆರೆಯನ್ನೇ ನುಂಗುತ್ತದೆ. ಹರಿಯುವ ನೀರಿಗೆ ಬಿಟ್ಟರೆ ನೂಲಿನಂತೆ ತೆಳ್ಳಗಾಗಿ ಪ್ರವಾಹಕ್ಕೆ ಬಾಗುತ್ತದೆ. ನಿಂತ ನೀರಿನಲ್ಲಿ ಪೊದೆಯಾಗುತ್ತದೆ. ನೆರಳಲ್ಲಿ ಬೆಳಕು ಹುಡುಕಿಕೊಂಡು ಮಾರುದ್ದ ಚಾಚುತ್ತದೆ. ನೀರೇ ಇಲ್ಲದ ಒದ್ದೆ ಕೆಸರಿನಲ್ಲಿ ಬಿಟ್ಟರೂ ಸಾಯುವುದಿಲ್ಲ. ಗಿಡ್ಡಗಾಗಿ, ದಪ್ಪಗಾಗಿ, ಗಾಳಿಬಿಸಿಲಿಗೆ ತಡೆಯುವಂಥ ಬಿರುಸು ಎಲೆ ಬಿಟ್ಟು ಕೂತುಬಿಡುತ್ತದೆ.

ಇದೆಲ್ಲ ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಒಂದೂವರೆ ತಿಂಗಳಿಂದ ನಮ್ಮ ಮನೆಯ ಬಚ್ಚಲಿನಲ್ಲಿ ಬೆಳೆಸಿದ್ದೇನೆ.

ಹೋದ ಸಲ ಈ ಕೊಳದ ಪಕ್ಕ ನಡೆದಾಗ ನನ್ನ ಕೊಡೆಯ ಕಡ್ಡಿಗೆ ಒಂದು ದಂಟು ಸಿಕ್ಕಿಹಾಕಿಕೊಂಡು ಮನೆಗೆ ಬಂದಿತ್ತು. ಬಿಸಾಡಲು ಹೋದವಳು ಹಾಗೇ ನಿಂತೆ. ದಂಟಿನ ಕೆಳಭಾಗ ಮೆತ್ತಗೆ, ಮೇಲ್ಭಾಗ ಮೆತ್ತಗೆ. ನಡುವೆ ಮಾತ್ರ ಗೇಣುದ್ದ ಪೆನ್ಸಿಲಿನಷ್ಟು ದಪ್ಪ, ಗಿಣ್ಣುಗಳು ಒತ್ತೊತ್ತಾಗಿ. ಒಂದೇ ಗಿಡಕ್ಕೆ ಎರಡು ಥರದ ಮೈ ಯಾಕೆ?

ಅವತ್ತೇ ಅದರ ಮೆತ್ತನೆಯ ತುದಿಯನ್ನು ತುಂಡು ಮಾಡಿ ಮೂರು ಪಾತ್ರೆಗಳಲ್ಲಿ ನೆಟ್ಟೆ. ಒಂದು ಬಕೆಟ್ಟಿನ ತುಂಬ ನೀರು, ಒಂದು ಬೋಗುಣಿಯಲ್ಲಿ ಬರೀ ಒದ್ದೆ ಕೆಸರು, ಇನ್ನೊಂದನ್ನು ಮೊದಲು ಕೆಸರಾಗಿಟ್ಟು ಆಮೇಲೆ ನೀರು ತುಂಬಿಸಿದ್ದು. "ಮನುಷ್ಯರು ಸ್ನಾನ ಮಾಡೋಕೆ ಒಂದಾದ್ರೂ ಬಕೆಟ್ ಉಳಿಸೇ," ಎಂದು ನಮ್ಮ ಮನೆಯವರು ದಿನಾ ಗೊಣಗಿದರು. ಗೊಣಗುತ್ತಲೇ ಬೋಗುಣಿಗೆ ನೀರು ಚಿಮುಕಿಸಿದ್ದೂ ಅವರೇ. ಮೂರನೇ ಪಾತ್ರೆಯ ದಂಟಿಗೆ ಕೊಡೆಯಲ್ಲಿ ಬಂದ ದಂಟಿನ ಹಾಗೆಯೇ ನಡುವೆ ದಪ್ಪ ಪಟ್ಟಿ ಬಂತು. ಅವತ್ತು ನಾನು ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ. ಪುಟ್ಟನನ್ನು ಹೊರಗೆ ತರುವ ದಾರಿ ಸಿಕ್ಕಿತು ಅನ್ನಿಸಿತ್ತು.

ಈಗ ಆ ದಾರಿಯಲ್ಲಿ ನಡೆಯಬೇಕಿತ್ತು. ಶೆಡ್ಡಿನ ಸಿಮೆಂಟು ಕಟ್ಟೆಯ ಮೇಲೆ ನಾಲ್ಕೂ ದಂಟುಗಳನ್ನು ತೊಳೆದು ಸಾಲಾಗಿ ಮಲಗಿಸಿದೆ, ದಡದ್ದು ಮೊದಲು, ಆಳದ್ದು ಕೊನೆಗೆ. ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಚಿಕ್ಕ ಯಜಮಾನರ ಎದುರಿಗೆ ಹೋಗಿ ನಿಂತೆ.

"ಒಂದು ಪ್ರಶ್ನೆ. ಈ ಕೊಳಾನ ಯಾವತ್ತಾದ್ರೂ ಖಾಲಿ ಮಾಡಿಸಿದ್ರಾ?"

"ಖಾಲಿನಾ? ನಮ್ಮಪ್ಪ ತೋಡಿಸಿದ ಮೇಲೆ ಒಂದು ದಿನಾನೂ ಬತ್ತಿಲ್ಲ ಇದು. ಎಂಥಾ ಬಿರುಬೇಸಿಗೇಲೂ ಕಂಠಮಟ್ಟ ಇರುತ್ತೆ."

"ಈ ವರ್ಷ?"

"ಈ ವರ್ಷಾನೂ."

"ಇನ್ಸ್‌ಪೆಕ್ಟ್ರೇ, ಕೇಳಿಸ್ಕೊಂಡ್ರಾ?"

"ಕಿವಿ ಇನ್ನೂ ನೆಟ್ಟಗಿದೆ ಮೇಡಂ," ಅಂದರು ಅವರು. ಆದರೂ ಕುರ್ಚಿ ಬಿಟ್ಟು ಎದ್ದು ಬಂದರು.

ದಡದ ದಂಟನ್ನು ಎತ್ತಿ ಅವರ ಕೈಗೆ ಕೊಟ್ಟೆ. "ಬುಡದಿಂದ ಬೆರಳಾಡಿಸಿಕೊಂಡು ಮೇಲೆ ಬನ್ನಿ. ಬುಡ ಅಂದ್ರೆ ಹಳೇದು, ತುದಿ ಅಂದ್ರೆ ಹೊಸದು. ಮೊದಲು ಮೆತ್ತಗಿದೆ ಅಲ್ವಾ? ಅದು ನೀರೊಳಗೆ ಬೆಳೆದಿದ್ದು. ನೀರು ಎತ್ತಿ ಹಿಡಿದಿರುತ್ತೆ, ಹಾಗಾಗಿ ಗಿಡಕ್ಕೆ ಗಟ್ಟಿ ಬೆನ್ನು ಬೇಕಿಲ್ಲ. ಈಗ ನಡುವೆ?"

"ದಪ್ಪ ಇದೆ. ಗಿಣ್ಣು ಜಾಸ್ತಿ."

"ನೀರು ಹೋಗಿದೆ. ಗಿಡ ಕೆಸರಲ್ಲಿ, ಬಿಸಿಲಲ್ಲಿ ತನ್ನ ಕಾಲ ಮೇಲೆ ತಾನು ನಿಂತಿದೆ. ಇನ್ನೂ ಮೇಲೆ ಹೋಗಿ."

"ಮತ್ತೆ ಮೆತ್ತಗೆ."

"ನೀರು ವಾಪಸ್ ಬಂದಿದೆ."

ಇನ್ಸ್‌ಪೆಕ್ಟರು ದಂಟನ್ನು ಮತ್ತೊಮ್ಮೆ ಬುಡದಿಂದ ತುದಿಯವರೆಗೆ ತಡವಿದರು. ಈ ಸಲ ಆಕಳಿಕೆ ಬರಲಿಲ್ಲ.

ಚಿಕ್ಕ ಯಜಮಾನರು ಜೋರಾಗಿ ನಕ್ಕರು. "ಗಿಡದ ವ್ಯಾಪಾರದಲ್ಲೇ ಹುಟ್ಟಿ ಬೆಳೆದವನಿಗೆ ಪಾಠ ಹೇಳ್ತಿದೀರಲ್ಲ ಮೇಡಂ. ನೀವು ಹೇಳಿದ್ದು ಸರಿ, ಇಲ್ಲ ಅನ್ನಲ್ಲ. ಆದರೆ ಇದು ಕಾಲುವೇಲಿ ತೇಲಿಕೊಂಡು ಬರೋ ಕಳೆ. ಕಾಲುವೆ ನೀರು ಬೇಸಿಗೇಲಿ ಇಳಿಯುತ್ತೆ, ಮತ್ತೆ ಏರುತ್ತೆ. ಅಲ್ಲೆಲ್ಲೋ ಬೆಳೆದು ಇಲ್ಲಿಗೆ ಬಂದಿದೆ."

"ತೇಲಿ ಬಂದಿದ್ದು ತೇಲ್ತಾ ಇರಬೇಕು. ಇದರ ಬೇರು ನೋಡಿ, ನಿಮ್ಮ ಕೊಳದ ಕಪ್ಪು ಕೆಸರನ್ನ ಮುಷ್ಟಿ ಹಿಡಿದ ಹಾಗೆ ಹಿಡ್ಕೊಂಡಿದೆ. ಕೀಳೋಕೆ ನನ್ನ ಸೊಂಟ ಬಿದ್ದುಹೋಯ್ತು."

"ಹಾಗಾದ್ರೆ ದಡದಲ್ಲಿ ಒಂದೆರಡು ಅಡಿ ನೀರು ಇಳಿದಿರಬೇಕು. ಅದೇನು ದೊಡ್ಡ ವಿಷಯ?"

"ಕಂಠಮಟ್ಟ ಇರುತ್ತೆ ಅಂದಿದ್ರಿ."

"ಮಾತಿಗೆ ಹಾಗಂತಾರಪ್ಪ!"

"ಸರಿ, ಮಾತಿಗೇ ಇರಲಿ. ದಡದಲ್ಲಿ ಮಾತ್ರ ಇಳಿದಿದ್ರೆ ದಡದ ದಂಟಿಗೆ ಮಾತ್ರ ಪಟ್ಟಿ ಇರಬೇಕು. ಇದು ನಡುಕೊಳದ್ದು. ಇದು ಇನ್ನೂ ಆಳದ್ದು. ನೀವು ನೋಡ್ತಿದ್ದ ಹಾಗೇ ಕಿತ್ತಿದ್ದು." ನಾಲ್ಕೂ ದಂಟುಗಳ ದಪ್ಪ ಭಾಗದ ಮೇಲೆ ಬೆರಳಿಟ್ಟು ತೋರಿಸಿದೆ. "ದಡದಲ್ಲಿ ಪಟ್ಟಿ ಉದ್ದ. ಆಳಕ್ಕೆ ಹೋದಷ್ಟೂ ಗಿಡ್ಡ. ಯಾಕಂದ್ರೆ ಆಳದಲ್ಲಿ ನೀರು ಕೊನೆಗೆ ಹೋಯ್ತು, ವಾಪಸ್ ಬಂದಾಗ ಮೊದಲು ಅಲ್ಲಿಗೇ ಬಂತು. ಕೊಳ ಪೂರ್ತಿ ಬರಿದಾಗಿತ್ತು ಯಜಮಾನ್ರೇ, ತಳ ಕಾಣೋ ಹಾಗೆ. ನನ್ನ ಬಚ್ಚಲ ಬೋಗುಣಿ ಲೆಕ್ಕದಲ್ಲಿ ಮೂರು ವಾರಕ್ಕೆ ಕಡಿಮೆ ಇಲ್ಲ."

ಅವರ ಹಣೆಯಲ್ಲಿ ಬೆವರು ಕಂಡಿತು. ಆದರೆ ಬುದ್ಧಿವಂತರು, ಬೇಗ ಸುಧಾರಿಸಿಕೊಂಡರು.

"ಇನ್ಸ್‌ಪೆಕ್ಟ್ರೇ, ಒಂದು ಮಾತು. ಕೊಳ ಬತ್ತಿದ್ರೆ ಇಲ್ಲಿರೋ ಅಷ್ಟೂ ಗಿಡಕ್ಕೆ ಈ ಗುರುತು ಬರಬೇಕು ತಾನೆ? ಕುಂಡದಲ್ಲಿರೋ ನಮ್ಮ ಗಿಡಗಳು ನೂರಾರಿವೆ. ಯಾವುದನ್ನಾದ್ರೂ ಎತ್ತಿ ನೋಡಿ. ಒಂದರಲ್ಲಾದ್ರೂ ದಪ್ಪ ಪಟ್ಟಿ ಸಿಕ್ಕಿದ್ರೆ ನನ್ನ ಕೇಳಿ."

ಇನ್ಸ್‌ಪೆಕ್ಟರು ಒಂದು ಕುಂಡ ಎತ್ತಿದರು. ಇನ್ನೊಂದು ಎತ್ತಿದರು. ಎಲ್ಲ ದಂಟುಗಳೂ ಬುಡದಿಂದ ತುದಿಯವರೆಗೆ ಬೆಣ್ಣೆಯ ಹಾಗೆ ಮೆತ್ತಗಿದ್ದವು. ಅವರು ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ನಾಳೆಯ ಚಾರ್ಜ್‌ಶೀಟು ಕಾಣಿಸಿತು. ಆದರೆ ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಬರಲಿ ಎಂದೇ ಕಾಯುತ್ತಿದ್ದೆ.

"ಕತ್ತರಿಯಮ್ಮನ್ನ ಸ್ವಲ್ಪ ಕರೀರಿ," ಅಂದೆ.

ಕತ್ತರಿಯಮ್ಮ ಇಲ್ಲಿ ಗಿಡದ ತುದಿ ಕತ್ತರಿಸಿ ಬೇರೆ ಕುಂಡಕ್ಕೆ ನೆಡುವ ಕೆಲಸದವಳು. ಸೊಂಟದಲ್ಲಿ ಸದಾ ಕತ್ತರಿ, ಬಾಯಲ್ಲಿ ಸದಾ ಮಾತು. ಯಜಮಾನರ ಮುಖ, ಪೊಲೀಸರ ಟೋಪಿ, ನನ್ನ ಒಂಟಿ ಚಪ್ಪಲಿ ಮೂರನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಬೇಸಿಗೇಲಿ ನಿಮಗೆಲ್ಲ ರಜೆ ಕೊಟ್ಟಿದ್ರಂತೆ?"

"ಹೌದಮ್ಮ. ಹುಳ ಬಿದ್ದಿದೆ, ಔಷಧಿ ಹೊಡೀತೀವಿ, ಯಾರೂ ಈ ಕಡೆ ಸುಳೀಬೇಡಿ ಅಂದ್ರು. ನಾನು ಮಗಳ ಮನೇಲಿದ್ದು ಬಂದೆ."

"ಯಾವಾಗ ಅದು?"

"ದೊಡ್ಡ ಯಜಮಾನ್ರು ಕಾಣೆಯಾದ್ರಲ್ಲ, ಅದರ ಮುಂದಿನ ವಾರ. ಅದಕ್ಕೇ ನೆನಪಿದೆ."

"ವಾಪಸ್ ಬಂದ ಮೇಲೆ ಏನು ಕೆಲಸ ಹೇಳಿದ್ರು?"

ಅವಳು ಯಜಮಾನರ ಕಡೆ ನೋಡಿದಳು. ಅವರು ಎತ್ತಲೋ ನೋಡುತ್ತಿದ್ದರು.

"ಮೂರನೇ ಕೊಳದ ಅಷ್ಟೂ ಗಿಡದ ಹೊಸ ಮೆತ್ತನೆ ತುದಿ ಮಾತ್ರ ಕತ್ತರಿಸಿ ಹೊಸದಾಗಿ ನೆಡು ಅಂದ್ರು. ಬುಡವನ್ನೆಲ್ಲ ಸುಟ್ಟುಹಾಕಿದ್ರು. ಕೈ ಬೊಬ್ಬೆ ಬಂದುಹೋಯ್ತು ಕಣಮ್ಮ."

"ಈ ಗಿಳಿಪುಕ್ಕಾನ?"

"ಅದನ್ಯಾಕೆ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಕಳೆ ಅಲ್ವಾ? ಗಿಡ ಕತ್ತರಿಸು ಅಂದ್ರು, ಗಿಡ ಕತ್ತರಿಸಿದೆ."

ನಾನು ಚಿಕ್ಕ ಯಜಮಾನರನ್ನೇ ನೋಡುತ್ತಿದ್ದೆ. ಎಷ್ಟು ಜಾಗರೂಕರಾಗಿದ್ದರು! ನೂರಾರು ಕುಂಡ, ಸಾವಿರಾರು ದಂಟು, ಒಂದರಲ್ಲೂ ಗುರುತು ಉಳಿಯದ ಹಾಗೆ ಮಾಡಿಸಿದ್ದರು. ಇವರಿಗಿಂತ ಚೆನ್ನಾಗಿ ಗಿಡದ ಗುಟ್ಟು ಬಲ್ಲವರು ಯಾರು? ಆದರೆ ಹುಟ್ಟಿದಾರಭ್ಯ ಮಾರುವ ಗಿಡಗಳನ್ನೇ ನೋಡಿ ಪಳಗಿದ ಕಣ್ಣು. ಬೆಲೆಯಿಲ್ಲದ ಹಸಿರು ಆ ಕಣ್ಣಿಗೆ ಗಿಡವೇ ಅಲ್ಲ. ಬೇರೆ ಯಾರೇ ಆಗಿದ್ದರೂ ಎಲ್ಲವನ್ನೂ ಕಿತ್ತು ಸುಟ್ಟು ಕೈ ತೊಳೆದುಕೊಳ್ಳುತ್ತಿದ್ದರು.

"ಕೊಳ ಯಾಕೆ ಬತ್ತಿಸಿದ್ರಿ ಯಜಮಾನ್ರೇ? ತಳದಲ್ಲಿ ಏನು ಹೂತಿದ್ದೀರಿ?" ಅಂದೆ.

ಇನ್ಸ್‌ಪೆಕ್ಟರು ಫೋನು ಹಿಡಿದು ಆಚೆ ಹೋದದ್ದೇ, ಚಿಕ್ಕ ಯಜಮಾನರು ನನ್ನ ಹತ್ತಿರ ಬಂದರು. ನಗು ಎಲ್ಲೋ ಹೋಗಿತ್ತು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದು ನನಗೆ ಇಷ್ಟವಾಗಲಿಲ್ಲ.

"ನಿಮ್ಮ ತಮ್ಮನ ಮೇಲೆ ಪ್ರೀತಿ ಇದ್ರೆ ಇಲ್ಲಿಗೇ ನಿಲ್ಲಿಸಿ," ಎಂದು ಮೆಲ್ಲಗೆ ಹೇಳಿದರು. "ಆ ಕೊಳಾನ ಮುಟ್ಟಬೇಡಿ."

"ಬೆದರಿಕೆನಾ?"

"ಅಲ್ಲ. ಕೇಳ್ಕೋತಿದೀನಿ."

ಇಂಥ ಕೇಳಿಕೆಗಳನ್ನು ಎಷ್ಟು ಕೇಳಿಲ್ಲ ನಾನು! ಸಿಕ್ಕಿಬಿದ್ದವರೆಲ್ಲ ಮೊದಲು ನಗುತ್ತಾರೆ, ಆಮೇಲೆ ರೇಗುತ್ತಾರೆ, ಕೊನೆಗೆ ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ನಾನು ಅವರಿಗೆ ಬೆನ್ನು ಹಾಕಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದೆ. "ಇನ್ಸ್‌ಪೆಕ್ಟ್ರೇ, ಕೊಳ ಮುಟ್ಟಬೇಡಿ ಅಂತಿದ್ದಾರೆ ಯಜಮಾನ್ರು!"

"ಹೌದಾ? ಹಾಗಾದ್ರೆ ಒಂದಲ್ಲ, ಎರಡು ಪಂಪ್ ತರಿಸ್ತೀನಿ," ಅಂದರು ಅವರು.

ಒಂದು ಗಂಟೆಯೊಳಗೆ ಪಂಪುಗಳು ಬಂದವು. ದಪ್ಪ ಪೈಪುಗಳು ಕೊಳಕ್ಕಿಳಿದು, ನೀರು ಕಾಲುವೆಗೆ ದಬದಬನೆ ಬೀಳತೊಡಗಿತು. ಚಿಕ್ಕ ಯಜಮಾನರನ್ನು ಇಬ್ಬರು ಪೊಲೀಸರ ನಡುವೆ ಬೆಂಚಿನ ಮೇಲೆ ಕೂರಿಸಿದ್ದರು. "ತಳದಲ್ಲಿ ಅಣ್ಣ ಸಿಕ್ಕಿದ್ರೆ ತಮ್ಮ ಒಳಗೆ, ನಿಮ್ಮ ತಮ್ಮ ಹೊರಗೆ," ಎಂದು ಇನ್ಸ್‌ಪೆಕ್ಟರು ನನ್ನ ಕೈ ಕುಲುಕಿದರು. "ಜೈಲಿಗೆ ಹೋಗಿ ಅವನಿಗೊಂದು ಮಾತು ಹೇಳಿ ಬನ್ನಿ. ಪಾಪ, ಇಷ್ಟು ದಿನ ಕೊರಗಿದ್ದಾನೆ."

ಆಟೋದಲ್ಲಿ ಕೂತವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಪುಟ್ಟನ ಹೆಂಡತಿಗೆ ಫೋನು ಮಾಡಿದೆ. "ಅತ್ತಿಗೆ, ನಿಜಾನಾ? ನಿಜವಾಗ್ಲೂನಾ?" ಎಂದು ಅವಳು ಅಳುತ್ತಾ ನಗುತ್ತಾ ಅದನ್ನೇ ಕೇಳಿದಳು. ನಿಜವೇ ಕಣೇ, ಅವನ ಅಂಗಿ ಒಗೆದಿಡು ಅಂದೆ.

ಭೇಟಿಯ ಕೋಣೆಯಲ್ಲಿ ಎರಡು ಪದರದ ತಂತಿ ಜಾಲರಿ. ಆಚೆಯ ಬಾಗಿಲಿನಿಂದ ಪುಟ್ಟ ತಲೆ ಬಗ್ಗಿಸಿಕೊಂಡು ಬಂದ. ಹೆಸರಿಗಷ್ಟೇ ಪುಟ್ಟ, ಆರಡಿಯ ಆಳು. ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ನನ್ನ ಕೆಸರು ಮೆತ್ತಿದ ಬಟ್ಟೆ ನೋಡಿ ನಕ್ಕ.

"ಏನಕ್ಕ, ಗದ್ದೆ ನಾಟಿಗೆ ಹೋಗಿದ್ಯಾ?"

"ಸುಮ್ನಿರೋ. ನೀನು ಇನ್ನೇನು ಮನೆಗೆ ಬಂದೆ ಅಂತ ತಿಳ್ಕೋ. ಎಲ್ಲ ಗೊತ್ತಾಗೋಯ್ತು. ಬೇಸಿಗೇಲಿ ಮೂರನೇ ಕೊಳ ಬತ್ತಿಸಿ ಮತ್ತೆ ತುಂಬಿಸಿದ್ದಾರೆ. ನಿಮ್ಮ ಚಿಕ್ಕ ಯಜಮಾನ ಸ್ವಂತ ಅಣ್ಣನ್ನ ಕೊಂದು ಅಲ್ಲೇ ಹೂತಿದ್ದಾನೆ. ಪೊಲೀಸರು ಎರಡು ಪಂಪ್ ಹಾಕಿದ್ದಾರೆ. ಸಾಯಂಕಾಲದೊಳಗೆ ತಳ ಕಾಣುತ್ತೆ."

ಅವನ ನಗು ಅಲ್ಲೇ ನಿಂತುಹೋಯಿತು.

"ನಿಲ್ಲಿಸು ಅಕ್ಕ."

"ಏನು?"

"ಪಂಪ್ ನಿಲ್ಲಿಸು. ಈಗಲೇ ಫೋನ್ ಮಾಡು. ನಿನ್ನ ಕಾಲಿಗೆ ಬೀಳ್ತೀನಿ." ಅವನ ಬೆರಳುಗಳು ಜಾಲರಿಯ ಕಣ್ಣುಗಳೊಳಗೆ ತೂರಿದ್ದವು. "ಯಾರು ಹೇಳಿದ್ದು ನಿಂಗೆ ಆ ಕೊಳ ಮುಟ್ಟು ಅಂತ?"

ನಾನು ಬಿಡದೆ ಕೇಳಿದೆ. "ಯಾಕೋ? ಏನಿದೆ ಅಲ್ಲಿ? ಸರಿಯಾಗಿ ಹೇಳು."

"ಅವತ್ತೂ ಪಂಪ್ ತಂದು ಹಾಕಿದ್ದು ನಾನೇ."

"ಚಿಕ್ಕ ಯಜಮಾನ ಹೆದರಿಸಿ ತರಿಸಿದ್ನಾ?"

"ಅವರಲ್ಲ. ದೊಡ್ಡ ಯಜಮಾನ್ರು ತರಿಸಿದ್ದು."

"ಬುದ್ಧಿ ಕೆಟ್ಟಿದ್ಯೇನೋ? ಅವರು ಆಗಲೇ ಕಾಣೆಯಾಗಿ ವಾರ ಆಗಿತ್ತು!"

"ಊರಿಗೆ ಕಾಣೆಯಾಗಿದ್ರು. ಹಿಂದಿನ ಶೆಡ್ಡಲ್ಲೇ ಇದ್ರು. ಕೊಳ ತುಂಬಿದ ಮೇಲೆ ನಾನೇ ಅವರನ್ನ ವ್ಯಾನಲ್ಲಿ ದೂರ ಬಿಟ್ಟು ಬಂದೆ." ಅವನು ಹಣೆಯನ್ನು ಜಾಲರಿಗೆ ಒತ್ತಿದ. "ಬದುಕಿರೋರನ್ನ ಕೊಂದ ಅಂತ ನನ್ನ ಎಷ್ಟು ದಿನ ಇಟ್ಕೋತಾರೆ, ಹೆಣ ಸಿಗದಿದ್ರೆ ಒಂದಿನ ಬಿಡಲೇಬೇಕು ಅಂತ ಬಾಯಿ ಮುಚ್ಕೊಂಡಿದ್ದೆ ಅಕ್ಕ. ಹೆಣ ಸಿಗದಿದ್ರೆ ಸಾಕಿತ್ತು."

ಕಾವಲಿನವನು ಕೋಲಿನಿಂದ ಬಾಗಿಲು ತಟ್ಟಿ ಹೊತ್ತಾಯಿತು ಎಂದು ಕೂಗಿದ. ನಾನು ಜಾಲರಿ ಬಿಡಲಿಲ್ಲ.

"ಪುಟ್ಟಾ, ಕೊಳದ ತಳದಲ್ಲಿ ಯಾರಿದ್ದಾರೆ?"

"ಗೊತ್ತಿಲ್ಲ. ಟಾರ್ಪಾಲಲ್ಲಿ ಸುತ್ತಿ ಕಟ್ಟಿದ್ರು. ತಲೆ ಕಡೆ ದೊಡ್ಡ ಯಜಮಾನ್ರು ಹಿಡ್ಕೊಂಡ್ರು," ಅಂದ ನನ್ನ ತಮ್ಮ. "ಕಾಲಿನ ಕಡೆ ನಾನು."